ಯುಎಲ್‌ಕೆ1 ಕಾಂಪ್ಲೆಕ್ಸನ್ನು ಬಿಡಿಸದೆ ಹಿಡಿಯುವುದು: ನನ್ನ ಅನುಭವ

ಆಟೋಫೇಜಿ ಲ್ಯಾಬಿಗೆ ಹೊಸದಾಗಿ ಸೇರುವವರು ಮೊದಲು ಕೇಳುವುದು ಆಂಟಿಬಾಡಿ (ಬೇಕಾದ ಪ್ರೋಟೀನನ್ನು ಗುರುತಿಸಿ ಹಿಡಿಯುವಂಥದ್ದು) ಯಾವುದು ಅಂತ. ನನ್ನನ್ನು ಕೇಳಿದರೆ, ಮೊದಲು ವಿಚಾರಿಸಬೇಕಾದ್ದು ಡಿಟರ್ಜೆಂಟ್, ಅಂದರೆ ಜೀವಕೋಶದ ಪೊರೆ ಕರಗಿಸುವ ಸಾಬೂನಿನಂಥ ವಸ್ತು, ಯಾವುದು ಎಂದು. ಪ್ರೋಟೀನುಗಳು ಒಂದಕ್ಕೊಂದು ಅಂಟಿಕೊಂಡಿವೆಯೋ ಇಲ್ಲವೋ ನೋಡಬೇಕಾದರೆ, ಜೀವಕೋಶ ಒಡೆಯುವಾಗ ನಾವೇ ಅವನ್ನು ಬಿಡಿಸಿಬಿಡಬಾರದು, ಅಲ್ವಾ?

ಹಿನ್ನೆಲೆ ಚುಟುಕಾಗಿ ಹೇಳುತ್ತೇನೆ. ಜೀವಕೋಶ ತನ್ನೊಳಗಿನ ಹಳೆಯ, ಕೆಟ್ಟುಹೋದ ಭಾಗಗಳನ್ನು ಪೊರೆಯಲ್ಲಿ ಸುತ್ತಿ, ಲೈಸೋಸೋಮ್ ಎಂಬ ಜೀರ್ಣಚೀಲಕ್ಕೆ ಸಾಗಿಸಿ ಕರಗಿಸಿಕೊಳ್ಳುವುದೇ ಆಟೋಫೇಜಿ. ಯೀಸ್ಟ್‌ನಲ್ಲಿ ಇದರ ಜೀನುಗಳನ್ನು ಹುಡುಕಿಕೊಟ್ಟ ಯೋಶಿನೋರಿ ಓಸುಮಿ ಅವರಿಗೆ 2016ರಲ್ಲಿ ನೊಬೆಲ್ ಬಂತು. ನಮ್ಮ ಜೀವಕೋಶಗಳಲ್ಲಿ ಈ ಕೆಲಸಕ್ಕೆ ಚಾಲನೆ ಕೊಡುವುದು ನಾಲ್ಕು ಪ್ರೋಟೀನುಗಳು ಸೇರಿದ ಗುಂಪು, ಅಂದರೆ ಕಾಂಪ್ಲೆಕ್ಸ್: ಯುಎಲ್‌ಕೆ1, ಎಟಿಜಿ13, ಎಫ್‌ಐಪಿ200, ಎಟಿಜಿ101. ಅದನ್ನು ತಡೆಹಿಡಿಯುವುದು ಎಂಟಾರ್‌ಸಿ1 ಎಂಬ ಇನ್ನೊಂದು ಕಾಂಪ್ಲೆಕ್ಸ್. ಅಮೈನೋ ಆಮ್ಲ ಸಾಕಷ್ಟಿದ್ದಾಗ ಅದು ಯುಎಲ್‌ಕೆ1 ಮತ್ತು ಎಟಿಜಿ13ಕ್ಕೆ ಫಾಸ್ಫೇಟ್ ಅಂಟಿಸಿ ಸುಮ್ಮನಿರಿಸುತ್ತದೆ. ಉಪವಾಸ ಬಿದ್ದರೆ ಕೈಬಿಟ್ಟು ಹೋಗುತ್ತದೆ. ಹೀಗೆ ಕೈಬಿಡುವುದನ್ನು ಬ್ಲಾಟ್ ಮೇಲೆ (ಪ್ರೋಟೀನುಗಳನ್ನು ಜೆಲ್‌ನಲ್ಲಿ ಗಾತ್ರದ ಪ್ರಕಾರ ಬೇರ್ಪಡಿಸಿ, ಹಾಳೆಗೆ ಇಳಿಸಿ, ಆಂಟಿಬಾಡಿಯಿಂದ ಗುರುತಿಸುವುದು) ತೋರಿಸುವುದೇ ನನ್ನ ಕೆಲಸವಾಗಿತ್ತು.

ಬಳಸಿದ್ದು ಎಚ್‌ಇಕೆ293 ಜೀವಕೋಶಗಳು. ಬೇಗ ಬೆಳೆಯುತ್ತವೆ, ಪ್ರೋಟೀನು ಧಾರಾಳವಾಗಿ ಸಿಗುತ್ತದೆ. ಆದರೆ ತಟ್ಟೆಗೆ ಗಟ್ಟಿಯಾಗಿ ಅಂಟಿರುವುದಿಲ್ಲ. ತೊಳೆಯುವಾಗ ಬಫರನ್ನು ನೇರವಾಗಿ ಸುರಿದರೆ ಹಾಳೆಯ ಹಾಗೆ ಎದ್ದುಬರುತ್ತವೆ. ತಟ್ಟೆಯನ್ನು ಓರೆ ಹಿಡಿದು ಗೋಡೆಯ ಮೇಲಿಂದ ನಿಧಾನಕ್ಕೆ ಇಳಿಸಬೇಕು. ಉಪವಾಸಕ್ಕೆ ಇಬಿಎಸ್‌ಎಸ್ ದ್ರಾವಣ. ಇದರಲ್ಲಿ ಅಮೈನೋ ಆಮ್ಲ ಇಲ್ಲ, ಸೀರಮ್ಮೂ ಇಲ್ಲ, ಆದರೆ ಗ್ಲೂಕೋಸ್ ಇದೆ. ಎಷ್ಟೋ ಜನ ಇದನ್ನು ಗಮನಿಸದೆ ಸುಮ್ನೆ 'ಉಪವಾಸ' ಅಂತ ಬರೆದುಬಿಡುತ್ತಾರೆ.

ಈಗ ಡಿಟರ್ಜೆಂಟ್ ವಿಷಯ. ಎಲ್ಲ ಲ್ಯಾಬಿನ ಫ್ರಿಜ್ಜಿನಲ್ಲೂ ಟ್ರೈಟನ್ ಎಕ್ಸ್-100 ಹಾಕಿದ ಬಫರ್ ಇದ್ದೇ ಇರುತ್ತದೆ. ಕೈ ತಾನಾಗಿ ಅದರ ಕಡೆಗೇ ಹೋಗುತ್ತದೆ. ಆದರೆ ಟ್ರೈಟನ್‌ನಲ್ಲಿ ಎಂಟಾರ್‌ನಿಂದ ಎಂಟಾರ್‌ಸಿ1ರಲ್ಲಿ ಅದರ ಜೊತೆಗಾರನಾದ ರಾಪ್ಟರ್ ಕಳಚಿಕೊಳ್ಳುತ್ತದೆ. ರಾಪ್ಟರ್ ಬಗ್ಗೆ ಮೊದಲು ವರದಿಯಾದದ್ದು 2002ರಲ್ಲಿ. ಆಗಲೇ ಈ ಸೂಕ್ಷ್ಮವೂ ಗೊತ್ತಾಗಿತ್ತು. ಹಾಗಾಗಿ ನಾನು ಬಳಸುವುದು 0.3 ಶೇಕಡಾ ಚಾಪ್ಸ್ ಎಂಬ ಮೆದು ಡಿಟರ್ಜೆಂಟ್ ಇರುವ ಬಫರ್: ಹೆಪೆಸ್ 40 ಮಿಲಿಮೋಲಾರ್, ಉಪ್ಪು 120, ಪಿಎಚ್ 7.4. ಫಾಸ್ಫೇಟ್ ಉದುರದಂತೆ ಸೋಡಿಯಂ ಫ್ಲೋರೈಡ್, ಪೈರೋಫಾಸ್ಫೇಟ್, ಗ್ಲಿಸರೋಫಾಸ್ಫೇಟ್. ತೊಳೆಯುವುದಕ್ಕೂ ಇದೇ ಬಫರ್. ಚಾಪ್ಸ್‌ನಲ್ಲಿ ಒಡೆದು, ಆಮೇಲೆ ಬೀಡ್ಸನ್ನು (ಆಂಟಿಬಾಡಿ ಹಿಡಿದಿರುವ ಸಣ್ಣ ಮಣಿಗಳು) ಟ್ರೈಟನ್‌ನಲ್ಲಿ ತೊಳೆದರೆ ಮಾಡಿದ್ದೆಲ್ಲ ನೀರಿನಲ್ಲಿ ಹೋಮ. ಎಲ್ಲವೂ ಐಸ್ ಮೇಲೆ, ಬೇಗ ಬೇಗ.

ಪುಲ್‌ಡೌನ್ (ಆಂಟಿಬಾಡಿಯಿಂದ ಕಾಂಪ್ಲೆಕ್ಸನ್ನು ಹಿಡಿದೆಳೆಯುವುದು) ಆದ ಮೇಲೆ ಇನ್ನೊಂದು ತೊಡಕಿದೆ. ಹಿಡಿಯಲು ಬಳಸಿದ ಆಂಟಿಬಾಡಿಯೂ ಜೆಲ್ ಮೇಲೆ ಓಡುತ್ತದಲ್ಲ. ಅದರ ಭಾರದ ಸರಪಳಿ 50 ಕಿಲೋಡಾಲ್ಟನ್ ಹತ್ತಿರ, ಹಗುರದ್ದು 25ರ ಹತ್ತಿರ. ಎಫ್‌ಐಪಿ200, ಯುಎಲ್‌ಕೆ1 ಎರಡೂ ಮೇಲೆಲ್ಲೋ ಇರುವುದರಿಂದ ತೊಂದರೆಯಿಲ್ಲ. ಎಟಿಜಿ101 ಮಾತ್ರ ಸರಿಯಾಗಿ 25ರ ಮೇಲೇ ಕೂರುತ್ತದೆ. ದಪ್ಪ ಬ್ಯಾಂಡ್ ನೋಡಿ ಖುಷಿಪಡುವ ಮೊದಲು ಐಜಿಜಿ ಕಂಟ್ರೋಲ್ (ಗುರಿಯಿಲ್ಲದ ಆಂಟಿಬಾಡಿ ಹಾಕಿದ) ಲೇನ್ ನೋಡಿ. ನಾನು ಮೊಲದ ಆಂಟಿಬಾಡಿಯಿಂದ ಹಿಡಿದು, ಇಲಿಯದ್ದರಿಂದ ಬ್ಲಾಟ್ ಮಾಡುತ್ತೇನೆ. ಆಗ ಆ ಗೊಂದಲ ಬಹುಮಟ್ಟಿಗೆ ತಪ್ಪುತ್ತದೆ.

ಯೀಸ್ಟ್ ಪಾಠ ಓದಿ ಬಂದವರಿಗೆ ಫಲಿತಾಂಶ ವಿಚಿತ್ರ ಅನ್ನಿಸಬಹುದು. ಯೀಸ್ಟ್‌ನಲ್ಲಿ ಉಪವಾಸ ಬಿದ್ದಾಗ ಎಟಿಜಿ13ರ ಫಾಸ್ಫೇಟ್ ಕಳಚಿ, ಅದು ಎಟಿಜಿ1ರ (ಯುಎಲ್‌ಕೆ1ರ ಯೀಸ್ಟ್ ರೂಪ) ಜೊತೆ ಗಟ್ಟಿಯಾಗಿ ಸೇರುತ್ತದೆ. ಮನುಷ್ಯರ ಜೀವಕೋಶದಲ್ಲಿ ಹೊಟ್ಟೆ ತುಂಬಿದ್ದರೂ ಖಾಲಿಯಿದ್ದರೂ ಯುಎಲ್‌ಕೆ1, ಎಟಿಜಿ13, ಎಫ್‌ಐಪಿ200 ಒಟ್ಟಿಗೇ ಇರುತ್ತವೆ. ಬಂದುಹೋಗುವುದು ರಾಪ್ಟರ್, ಅಂದರೆ ಎಂಟಾರ್‌ಸಿ1. ನನ್ನ ಬ್ಲಾಟ್‌ನಲ್ಲೂ ಇಬಿಎಸ್‌ಎಸ್ ಲೇನ್‌ನಲ್ಲಿ ರಾಪ್ಟರ್ ತೆಳುವಾಯಿತು, ಉಳಿದವು ಹಾಗೇ ಇದ್ದವು. 'ಕಾಂಪ್ಲೆಕ್ಸ್ ಬದಲಾಗಲೇ ಇಲ್ಲ' ಎಂದು ಬೇಜಾರಾಗಬೇಕಿಲ್ಲ, ಅದು ಬದಲಾಗಬಾರದ್ದೇ. ಜೊತೆಗೆ ಯುಎಲ್‌ಕೆ1ರ ಸೆರಿನ್ 757ರ ಫಾಸ್ಫೇಟ್ ಬ್ಯಾಂಡ್ ಮಾಯವಾಗಬೇಕು. ಅಂದಹಾಗೆ 757 ಎನ್ನುವುದು ಇಲಿಯ ಲೆಕ್ಕ, ಮನುಷ್ಯರಲ್ಲಿ ಅದೇ ಜಾಗ 758.

ಇಷ್ಟಾದರೂ ಆಟೋಫೇಜಿ ನಿಜಕ್ಕೂ ನಡೆಯಿತೇ ಎಂಬ ಪ್ರಶ್ನೆ ಉಳಿಯುತ್ತದೆ. ಅದಕ್ಕೆ ಎಲ್‌ಸಿ3 ಎಂಬ ಪ್ರೋಟೀನು ನೋಡಬೇಕು; ಅದರ ಎಲ್‌ಸಿ3-1 ರೂಪ ಬಿಡಿಯಾಗಿರುತ್ತದೆ, ಎಲ್‌ಸಿ3-2 ಆಟೋಫೇಜಿಯ ಪೊರೆಗೆ ಅಂಟಿರುತ್ತದೆ. ಎಲ್‌ಸಿ3-2 ಜಾಸ್ತಿಯಾದ ಮಾತ್ರಕ್ಕೆ ಆಟೋಫೇಜಿ ಜಾಸ್ತಿ ಎನ್ನುವಂತಿಲ್ಲ. ಬೀದಿಯಲ್ಲಿ ಕಸದ ಗಾಡಿಗಳು ಸಾಲಾಗಿ ನಿಂತಿದ್ದರೆ ಕೆಲಸ ಜೋರಾಗಿದೆ ಎಂದೂ ಇರಬಹುದು, ಅಲ್ಲಿ ಡಿಪೋ ಗೇಟು ಮುಚ್ಚಿದೆ ಎಂದೂ ಇರಬಹುದು. ಹಾಗಾಗಿ ಪ್ರತಿ ಸ್ಥಿತಿಗೂ ಎರಡು ತಟ್ಟೆ: ಒಂದು ಹಾಗೇ, ಇನ್ನೊಂದಕ್ಕೆ ಲೈಸೋಸೋಮಿನ ಆಮ್ಲತೆ ತಡೆಯುವ ಬೆಫಿಲೊಮೈಸಿನ್ 100 ನ್ಯಾನೋಮೋಲಾರ್, ಎರಡು ಗಂಟೆ. ಇವೆರಡರ ನಡುವಿನ ವ್ಯತ್ಯಾಸ ಉಪವಾಸದಲ್ಲಿ ಹೆಚ್ಚಿದ್ದರೆ ಮಾತ್ರ ಒಪ್ಪುತ್ತೇನೆ. ಎಲ್‌ಸಿ3-2 ಅನ್ನು ಆಕ್ಟಿನ್ ಜೊತೆ ಹೋಲಿಸುತ್ತೇನೆ, ಎಲ್‌ಸಿ3-1ರ ಜೊತೆ ಅಲ್ಲ. ಈ ಚಿಕ್ಕ ಪ್ರೋಟೀನಿಗೆ 15 ಶೇಕಡಾ ಜೆಲ್, 0.2 ಮೈಕ್ರಾನ್ ಪಿವಿಡಿಎಫ್ ಹಾಳೆ ಬೇಕು. ಎಫ್‌ಐಪಿ200ಕ್ಕೆ ಕಡಿಮೆ ಶೇಕಡಾ ಜೆಲ್, ಕೋಲ್ಡ್ ರೂಮಿನಲ್ಲಿ ರಾತ್ರಿಯಿಡೀ ಟ್ರಾನ್ಸ್‌ಫರ್. ಎರಡನ್ನೂ ಒಂದೇ ಜೆಲ್‌ನಲ್ಲಿ ಮುಗಿಸುವ ಆಸೆ ಬೇಡ.

ಗ್ಲೂಕೋಸ್ ತೆಗೆದ ತಟ್ಟೆಗಳನ್ನು ಬೇರೆಯಾಗೇ ನಡೆಸುತ್ತಿದ್ದೇನೆ. ಶಕ್ತಿ ಕಡಿಮೆಯಾದಾಗ ಅದನ್ನು ಗುರುತಿಸುವ ಎಎಂಪಿಕೆ ಎಂಬ ಕಿಣ್ವ ಬಂದು ಯುಎಲ್‌ಕೆ1 ಅನ್ನು ಎಬ್ಬಿಸುತ್ತದೆ ಎಂದು 2011ರಿಂದ ಎಲ್ಲರೂ ಚಿತ್ರ ಬರೆಯುತ್ತಾ ಬಂದೆವು. 2023ರಲ್ಲಿ ಪ್ರಕಟವಾದ ಕೆಲಸ ಇದಕ್ಕೆ ಉಲ್ಟಾ ಹೇಳಿತು: ಎಎಂಪಿಕೆ ಯುಎಲ್‌ಕೆ1 ಅನ್ನು ತಡೆಯುತ್ತದೆ, ಆದರೆ ಮುಂದೆ ಬೇಕಾಗುತ್ತದೆಂದು ಆಟೋಫೇಜಿಯ ಸಲಕರಣೆಯನ್ನು ಕಾಪಾಡಿಯೂ ಇಡುತ್ತದೆ ಎಂದು. ಹಾಗಾಗಿ ಇಬಿಎಸ್‌ಎಸ್ ಬ್ಲಾಟನ್ನೂ ಗ್ಲೂಕೋಸ್ ಬ್ಲಾಟನ್ನೂ ಒಂದೇ ಚಿತ್ರದಲ್ಲಿ ಸೇರಿಸುವುದನ್ನು ನಾನು ಬಿಟ್ಟಿದ್ದೇನೆ.