ಉಪ್ಪುನೀರಿನ ತೊಟ್ಟಿಯಲ್ಲಿ ಬಿಳಿ ಚುಕ್ಕಿ ರೋಗ: ನನ್ನ ಅನುಭವ

ನನ್ನ ಕ್ಲೌನ್ ಮೀನು ಕಲ್ಲಿಗೆ ಮೈ ಉಜ್ಜುತ್ತಿತ್ತು. ಮಾರನೇ ದಿನ ರೆಕ್ಕೆ ಮೇಲೆ ಉಪ್ಪಿನ ಹರಳಿನಂಥ ಬಿಳಿ ಚುಕ್ಕಿಗಳು. ವೆಲ್ವೆಟ್ ರೋಗವೇನೋ ಅಂತ ಭಯವಾಯಿತು. ಆದರೆ ಅದರ ಚುಕ್ಕಿ ಇನ್ನೂ ಸಣ್ಣದು, ಪುಡಿ ಉದುರಿಸಿದ ಹಾಗಿರುತ್ತದೆ. ಇದು ಮರೈನ್ ಇಕ್, ಅಂದರೆ ಒಂದು ಪರಾವಲಂಬಿ ಜೀವಿಯಿಂದ ಬರುವ ಬಿಳಿ ಚುಕ್ಕಿ ರೋಗ.

ಕೆಲವೇ ದಿನದಲ್ಲಿ ಚುಕ್ಕಿ ಮಾಯ! ವಾಸಿಯಾಯಿತು ಅಂದುಕೊಳ್ಳಬೇಡಿ. ಆ ಪರಾವಲಂಬಿ ಮೀನಿನ ಮೈ ಬಿಟ್ಟು ಮರಳಿಗೆ, ಕಲ್ಲಿಗೆ ಅಂಟಿಕೊಳ್ಳುತ್ತದೆ. ಅಲ್ಲಿ ನೂರಾರು ಮರಿಗಳಾಗಿ ಒಡೆದು ಮತ್ತೆ ಮೀನನ್ನು ಹುಡುಕುತ್ತದೆ.

ಹಾಗಾಗಿ ಎಲ್ಲ ಮೀನುಗಳನ್ನೂ ಬೇರೆ ತೊಟ್ಟಿಗೆ ಹಾಕಿ, 30 ದಿನ ತಾಮ್ರದ ಔಷಧಿ ಕೊಟ್ಟೆ. ದಿನವೂ ಟೆಸ್ಟ್ ಕಿಟ್‌ನಲ್ಲಿ ತಾಮ್ರ, ಅಮೋನಿಯಾ ನೋಡುತ್ತಿದ್ದೆ. ಮುಖ್ಯ ತೊಟ್ಟಿಗೆ ತಾಮ್ರ ಹಾಕಲೇಬಾರದು, ಹವಳ, ಸೀಗಡಿ ಸಾಯುತ್ತವೆ. ಮೀನು ಸಿಗದೆ ಪರಾವಲಂಬಿ ಸಾಯಲಿ ಅಂತ ಆ ತೊಟ್ಟಿಯನ್ನು 76 ದಿನ ಮೀನಿಲ್ಲದೆ ಬಿಟ್ಟೆ. ಕಾಯೋದು ಕಷ್ಟ ಅಲ್ವಾ? ಈಗ ಮೀನುಗಳು ವಾಪಸ್ ಬಂದಿವೆ, ಚುಕ್ಕಿ ಬಂದಿಲ್ಲ.