ಸ್ಟಟ್‌ಗಾರ್ಟ್‌ನಲ್ಲಿ ಎಂ.ಎಸ್ಸಿ.: ಫೀಸಿಗಿಂತ ಸೆಮಿಸ್ಟರ್ ಲೆಕ್ಕ ಮುಖ್ಯ

ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಫೀಸೇ ಇಲ್ಲ ಎಂಬ ಮಾತು ನಮ್ಮ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಬಾಯಿಂದ ಬಾಯಿಗೆ ಹೋಗುತ್ತಲೇ ಇರುತ್ತದೆ. ಸ್ಟಟ್‌ಗಾರ್ಟ್ ಇರುವ ಬಾಡೆನ್-ವುರ್ಟೆಂಬರ್ಗ್ ರಾಜ್ಯದ ಮಟ್ಟಿಗೆ ಅದು ಸರಿಯಲ್ಲ. 2017ರ ಚಳಿಗಾಲದ ಸೆಮಿಸ್ಟರಿನಿಂದ ಐರೋಪ್ಯ ಒಕ್ಕೂಟದ ಹೊರಗಿನವರು ಅಲ್ಲಿ ಸೆಮಿಸ್ಟರಿಗೆ 1,500 ಯೂರೋ ಕಟ್ಟಬೇಕು. ಅದರ ಮೇಲೆ ಎಲ್ಲರೂ ಕಟ್ಟುವ ಸೆಮಿಸ್ಟರ್ ವಂತಿಗೆ, ಇನ್ನೂರು ಯೂರೋ ಆಸುಪಾಸು. ಪಕ್ಕದ ಬವೇರಿಯಾದ ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯ 2024ರ ಚಳಿಗಾಲದಿಂದ ಮಾಸ್ಟರ್ಸ್‌ಗೆ ಹೊಸದಾಗಿ ಸೇರುವ ಹೊರದೇಶದವರಿಂದ ಸೆಮಿಸ್ಟರಿಗೆ 4,000 ಅಥವಾ 6,000 ಯೂರೋ ತೆಗೆದುಕೊಳ್ಳುತ್ತಿದೆ. ಉಳಿದ ಕಡೆ ಬಹುಪಾಲು ವಂತಿಗೆ ಮಾತ್ರ.

ಹಾಗಿದ್ದೂ ನಾನು ಫೀಸಿರುವ ಊರನ್ನೇ ಆರಿಸಿದೆ. ಬಾಷ್, ಮರ್ಸಿಡಿಸ್, ಪೋರ್ಷೆ ಮೂರರ ಮುಖ್ಯ ಕಚೇರಿಗಳೂ ಆ ಊರಲ್ಲೋ ಅದರ ಮಗ್ಗುಲಲ್ಲೋ ಇವೆ. ಸೆಮಿಸ್ಟರ್ ನಡೆಯುವಾಗ ವಾರಕ್ಕೆ 20 ಗಂಟೆಯ ವಿದ್ಯಾರ್ಥಿ ಕೆಲಸ ಸಿಕ್ಕರೆ, 2025ರ ಕನಿಷ್ಠ ಕೂಲಿ ಗಂಟೆಗೆ 12.82 ಯೂರೋ ಹಿಡಿದರೂ ತಿಂಗಳಿಗೆ 1,100ರ ಹತ್ತಿರ ಬರುತ್ತದೆ. ಆ ಲೆಕ್ಕದಲ್ಲಿ 1,500 ದೊಡ್ಡ ಮೊತ್ತವಲ್ಲ. ದೊಡ್ಡದು ಹೆಚ್ಚುವರಿ ಸೆಮಿಸ್ಟರು. ವೀಸಾಕ್ಕೆ ತೋರಿಸಬೇಕಾದ ಜೀವನಖರ್ಚು ತಿಂಗಳಿಗೆ 992 ಯೂರೋ; ಆರು ತಿಂಗಳಿಗೆ 5,952. ಫೀಸು, ವಂತಿಗೆ ಸೇರಿಸಿದರೆ 7,650 ದಾಟುತ್ತದೆ. ಯೂರೋಗೆ ನೂರು ರೂಪಾಯಿ ಎಂದು ಹಿಡಿದರೆ ಏಳೂವರೆ ಲಕ್ಷಕ್ಕೂ ಮೇಲೆ. ಕೋರ್ಸ್ ಹೆಸರಿಗೆ ನಾಲ್ಕು ಸೆಮಿಸ್ಟರ್, 120 ಕ್ರೆಡಿಟ್. ನಾನು ಕಂಡವರಲ್ಲಿ ಹೆಚ್ಚಿನವರು ಐದು ಆರಕ್ಕೆ ಮುಗಿಸಿದರು. ಮನೆಯಲ್ಲಿ ಸಾಲದ ಮಾತಾಡುವಾಗ ಐದಕ್ಕೇ ಲೆಕ್ಕ ಹಾಕಿ.

ಅರ್ಜಿಯ ವಿಷಯಕ್ಕೆ ಬಂದರೆ, ಮೊದಲ ಕೆಲಸ ಹೆಸರು ಸರಿಮಾಡಿಕೊಳ್ಳುವುದು. ನಮ್ಮ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರಿನ ಮುಂದೆ ಎರಡು ಇನಿಶಿಯಲ್. ಪಾಸ್‌ಪೋರ್ಟಿನಲ್ಲಿ ಅದೇ ಇನಿಶಿಯಲ್ ಬಿಡಿಸಿ ಊರಿನ ಹೆಸರು, ಅಪ್ಪನ ಹೆಸರು, ಇಲ್ಲವೇ ಸರ್‌ನೇಮ್ ಜಾಗ ಖಾಲಿ. ಜರ್ಮನಿಯ ಫಾರಂಗಳಲ್ಲಿ ಕುಟುಂಬದ ಹೆಸರು ಕಡ್ಡಾಯ ಕಾಲಂ. ಸರ್‌ನೇಮ್ ಖಾಲಿ ಇದ್ದರೆ ಅರ್ಜಿ ಶುರುಮಾಡುವ ಮೊದಲೇ ಪಾಸ್‌ಪೋರ್ಟ್ ರೀ-ಇಶ್ಯೂ ಮಾಡಿಸಿ. ಅಂಕಪಟ್ಟಿಗೂ ಪಾಸ್‌ಪೋರ್ಟಿಗೂ ಇರುವ ವ್ಯತ್ಯಾಸಕ್ಕೆ, ಎರಡೂ ಹೆಸರು ಒಬ್ಬರದೇ ಎಂದು ನೋಟರಿ ಅಫಿಡವಿಟ್ ಒಂದು ಇಟ್ಟುಕೊಳ್ಳಿ.

ಎರಡನೆಯದು ಎಪಿಎಸ್ ಎಂಬ ಜರ್ಮನ್ ಘಟಕದ ಪ್ರಮಾಣಪತ್ರ. ಭಾರತದವರಿಗೆ ಇದು 2022ರ ನವೆಂಬರಿನಿಂದ ಕಡ್ಡಾಯ. ದೆಹಲಿಯಲ್ಲಿರುವ ಈ ಘಟಕ ನಮ್ಮ ಅಂಕಪಟ್ಟಿಗಳು ಅಸಲಿಯೇ ಎಂದು ನೋಡಿ ಪ್ರಮಾಣಪತ್ರ ಕೊಡುತ್ತದೆ. ಶುಲ್ಕ 18,000 ರೂಪಾಯಿ. ವಾರಗಳಿಂದ ತಿಂಗಳುಗಳವರೆಗೆ ಹಿಡಿಯಬಹುದು. ಯಾವುದೋ ಒಂದು ಸೆಮಿಸ್ಟರಿನ ಅಂಕಪಟ್ಟಿ ಬಿಟ್ಟುಹೋಗಿದ್ದರೆ ಅಲ್ಲೇ ನಿಲ್ಲುತ್ತದೆ. ಕ್ಯಾರಿ ಓವರ್ ಇದ್ದ ವಿಷಯಗಳ ಹಳೆಯ ಅಂಕಪಟ್ಟಿಯನ್ನೂ ಸೇರಿಸಿ. ಇಂಗ್ಲಿಷ್ ಮಾಧ್ಯಮದ ಕೆಲವು ಮಾಸ್ಟರ್ಸ್ ಕೋರ್ಸ್‌ಗಳಿಗೆ ಗಡುವು ಫೆಬ್ರವರಿ ಮಧ್ಯದಲ್ಲೇ ಇರುತ್ತದೆ. ಜರ್ಮನಿಯ ಉಳಿದ ಅನೇಕ ಕಡೆಗಳಂತೆ ಜುಲೈ 15ರವರೆಗೆ ಸಮಯವಿದೆ ಎಂದುಕೊಂಡರೆ ಒಂದು ವರ್ಷ ಹೋಯಿತು. ಆದ್ದರಿಂದ ಏಳನೇ ಸೆಮಿಸ್ಟರ್ ಶುರುವಾಗುವಾಗಲೇ ಎಪಿಎಸ್ ಕೆಲಸ ಆರಂಭಿಸಬೇಕು, ಇಂಗ್ಲಿಷ್ ಪರೀಕ್ಷೆಯಾದ ಐಇಎಲ್‌ಟಿಎಸ್ ಕೂಡ. 6.5 ಇದ್ದರೆ ಹೆಚ್ಚಿನ ಕೋರ್ಸ್‌ಗಳಿಗೆ ಸಾಕು.

ಅಂಕಗಳ ಪರಿವರ್ತನೆಯಲ್ಲಿ ಬಹಳ ಜನ ಸುಮ್ಮನೆ ತಲೆಕೆಡಿಸಿಕೊಳ್ಳುತ್ತಾರೆ. ಜರ್ಮನಿಯಲ್ಲಿ 1.0 ಅತ್ಯುತ್ತಮ, 4.0 ಪಾಸು. ಸೂತ್ರ ಸರಳ: ಗರಿಷ್ಠ ಅಂಕದಿಂದ ನಿಮ್ಮ ಅಂಕ ಕಳೆಯಿರಿ, ಅದನ್ನು ಗರಿಷ್ಠ ಮತ್ತು ಕನಿಷ್ಠ ಪಾಸ್ ಅಂಕದ ವ್ಯತ್ಯಾಸದಿಂದ ಭಾಗಿಸಿ, 3ರಿಂದ ಗುಣಿಸಿ, 1 ಕೂಡಿಸಿ. ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಸಿಜಿಪಿಎ, ಅಂದರೆ ಹತ್ತಕ್ಕೆ ಲೆಕ್ಕ ಹಾಕುವ ಸರಾಸರಿ, 8.2 ಎಂದಿಟ್ಟುಕೊಳ್ಳಿ. ಕನಿಷ್ಠ ಪಾಸ್ 4 ಎಂದು ಹಿಡಿದರೆ 1.9, 5 ಎಂದು ಹಿಡಿದರೆ 2.08. ಅದೇ 8.2ನ್ನು 2018ರ ಸ್ಕೀಮಿನ ಪ್ರಕಾರ ಶೇಕಡಾವಾರಿಗೆ ತಿರುಗಿಸಿದರೆ, ಅಂದರೆ 0.75 ಕಳೆದು ಹತ್ತರಿಂದ ಗುಣಿಸಿದರೆ, 74.5, ಕನಿಷ್ಠ 40 ಇಟ್ಟರೆ 2.27 ಬರುತ್ತದೆ. ಒಂದೇ ವಿದ್ಯಾರ್ಥಿ, ಮೂರು ಅಂಕ! ಯಾವುದನ್ನು ಹಿಡಿಯಬೇಕು ಎಂದು ತೀರ್ಮಾನಿಸುವುದು ಅಲ್ಲಿನ ಪ್ರವೇಶ ಸಮಿತಿ. ನಾವು ಮಾಡಬೇಕಾದ್ದು ಇಷ್ಟೇ: ಟ್ರಾನ್ಸ್‌ಕ್ರಿಪ್ಟಿನ ಜೊತೆ ಗ್ರೇಡಿಂಗ್ ಪದ್ಧತಿ ಅಚ್ಚಾಗಿರುವ ಪುಟವೂ ಸ್ಕ್ಯಾನ್ ಆಗಿದೆಯೇ ಎಂದು ನೋಡುವುದು. ಅದು ಇಲ್ಲದಿದ್ದರೆ ಅವರಿಗೆ ತೋಚಿದ ಕನಿಷ್ಠವನ್ನು ಹಿಡಿಯುತ್ತಾರೆ.

ಅಂಕಕ್ಕಿಂತ ಹೆಚ್ಚು ಅರ್ಜಿಗಳು ಬೀಳುವುದು ವಿಷಯಗಳು ಹೊಂದದೆ. ಗಣಿತ ಇಷ್ಟು ಕ್ರೆಡಿಟ್, ಸಿಗ್ನಲ್ಸ್ ಇಷ್ಟು, ಪ್ರೋಗ್ರಾಮಿಂಗ್ ಇಷ್ಟು ಎಂದು ಕೇಳುವ ಕೋರ್ಸ್‌ಗಳಿವೆ. ನಮ್ಮ ಕ್ರೆಡಿಟ್ಟು ಅವರ ಕ್ರೆಡಿಟ್ಟಿಗೆ ಸಮ ಅಲ್ಲ. ಅವರದು ವಿದ್ಯಾರ್ಥಿಯ ಒಟ್ಟು ದುಡಿಮೆಯ ಗಂಟೆಗಳ ಲೆಕ್ಕ, ಒಂದಕ್ಕೆ 25ರಿಂದ 30 ಗಂಟೆ. ನಾನು ಒಂದು ಕೋಷ್ಟಕ ಮಾಡಿ ಅರ್ಜಿಗೆ ಲಗತ್ತಿಸಿದ್ದೆ: ಎಡಗಡೆ ಅವರು ಕೇಳಿದ ವಿಷಯ, ಪಕ್ಕದಲ್ಲಿ ವಿಟಿಯು ಕೋಡ್ ಸಮೇತ ನಮ್ಮ ವಿಷಯ (18ಇಸಿ52, ಡಿಜಿಟಲ್ ಸಿಗ್ನಲ್ ಪ್ರೊಸೆಸಿಂಗ್ ಎಂಬಂತೆ), ವಾರಕ್ಕೆ ಪಾಠ ಎಷ್ಟು ಗಂಟೆ, ಲ್ಯಾಬ್ ಎಷ್ಟು, ಸಿಲಬಸ್ ಪಿಡಿಎಫ್‌ನ ಯಾವ ಪುಟ. ಕೇಳದಿದ್ದರೂ ಕೊಡಿ. ನೂರಾರು ಅರ್ಜಿ ನೋಡುವವರು ಸಿಲಬಸ್ ಕೆದಕುತ್ತ ಕೂರುವುದಿಲ್ಲ. ಉದ್ದೇಶಪತ್ರದಲ್ಲೂ ಬಾಲ್ಯದ ಕನಸು ಬೇಡ. ಆ ವಿಭಾಗದ ಯಾವ ವಿಷಯ ಬೇಕು, ಅದಕ್ಕೆ ಬುನಾದಿ ಎಲ್ಲಿ ಓದಿದ್ದೀರಿ, ಅಷ್ಟು ಒಂದೂವರೆ ಪುಟದಲ್ಲಿ ಸಾಕು.

ಇಷ್ಟಕ್ಕೆ ಏಜೆಂಟರು ಬೇಕಿಲ್ಲ. ಉಚಿತ ಕನ್ಸಲ್ಟೆನ್ಸಿ ಎಂದರೆ ಕಮಿಷನ್ ಬೇರೆ ಕಡೆಯಿಂದ ಬರುತ್ತದೆ ಎಂದರ್ಥ, ಮತ್ತು ಅದನ್ನು ಕೊಡುವುದು ಸಾಮಾನ್ಯವಾಗಿ ಖಾಸಗಿ ಸಂಸ್ಥೆಗಳೇ. ಯಾವುದೇ ಹೆಸರು ಹೇಳಿದರೂ ಜರ್ಮನಿಯ ಅನಾಬಿನ್ ಎಂಬ ಆನ್‌ಲೈನ್ ಪಟ್ಟಿಯಲ್ಲಿ ಅದಕ್ಕೆ ‘ಎಚ್ ಪ್ಲಸ್’, ಅಂದರೆ ಮಾನ್ಯತೆ, ಇದೆಯೇ ನೋಡಿ, ಸರ್ಕಾರಿಯೋ ಖಾಸಗಿಯೋ ಎಂಬುದನ್ನು ಪ್ರತ್ಯೇಕವಾಗಿ ನೋಡಿ.

ಸೀಟು ಸಿಕ್ಕ ಮೇಲೆ ಬ್ಲಾಕ್ಡ್ ಅಕೌಂಟ್. ವರ್ಷಕ್ಕೆ 11,904 ಯೂರೋ ಒಮ್ಮೆಲೇ ಹಾಕಿ, ಅಲ್ಲಿಗೆ ಹೋದ ಮೇಲೆ ತಿಂಗಳಿಗೆ 992ರಂತೆ ತೆಗೆಯುವುದು. ಇಲ್ಲಿ ಎಡವುವುದು ಬ್ಯಾಂಕ್ ಶುಲ್ಕದಲ್ಲಿ: ನಡುವಿನ ಬ್ಯಾಂಕು ಹತ್ತಿಪ್ಪತ್ತು ಯೂರೋ ಮುರಿದುಕೊಂಡರೆ ಮೊತ್ತ ಕಡಿಮೆಯಾಗಿ ದೃಢೀಕರಣ ಪತ್ರ ಬರುವುದಿಲ್ಲ. ವೀಸಾ ಅಪಾಯಿಂಟ್‌ಮೆಂಟ್ ಹತ್ತಿರ ಇರುವಾಗ ಮತ್ತೊಮ್ಮೆ ಫಾರಂ ತುಂಬಿ ಚಿಲ್ಲರೆ ಹಣ ಕಳಿಸುವ ಪಾಡು ಬೇಡ. ಎಲ್ಲ ಶುಲ್ಕ ಕಳಿಸುವವರದೇ ಎಂದು ಫಾರಂನಲ್ಲಿ ಗುರುತು ಹಾಕಿಸಿ, ಐವತ್ತು ಯೂರೋ ಹೆಚ್ಚೇ ಕಳಿಸಿ. ಸ್ವಂತ ಹಣವಾದರೆ ಆರ್ಥಿಕ ವರ್ಷದಲ್ಲಿ 10 ಲಕ್ಷ ದಾಟಿದ ಭಾಗಕ್ಕೆ ಬ್ಯಾಂಕಿನವರು ಟಿಸಿಎಸ್ ಎಂಬ ತೆರಿಗೆ ಹಿಡಿಯುತ್ತಾರೆ. ಬ್ಯಾಂಕಿನ ಶಿಕ್ಷಣ ಸಾಲವಾದರೆ 2025ರ ಏಪ್ರಿಲಿನಿಂದ ಅದಿಲ್ಲ. ಹಿಡಿದದ್ದು ಕಳಿಸಿದವರ ಐಟಿ ರಿಟರ್ನ್‌ನಲ್ಲಿ ಜಮೆಯಾಗುತ್ತದೆ, ಹಾಗಾಗಿ ರಿಟರ್ನ್ ಸಲ್ಲಿಸುವ ಅಪ್ಪನದೋ ಅಮ್ಮನದೋ ಖಾತೆಯಿಂದ ಕಳಿಸುವುದು ಜಾಣತನ. ಕರ್ನಾಟಕದವರ ವೀಸಾ ಅರ್ಜಿ ಹೋಗುವುದು ಬೆಂಗಳೂರಿನ ಜರ್ಮನ್ ಕಾನ್ಸುಲೇಟಿಗೆ. ಶುಲ್ಕ 75 ಯೂರೋ.

992 ಯೂರೋದಲ್ಲಿ ತಿಂಗಳು ಕಳೆಯಬಹುದೇ? ವಿದ್ಯಾರ್ಥಿ ನಿಲಯದಲ್ಲಿ ಕೋಣೆ ಸಿಕ್ಕರೆ ಕಳೆಯಬಹುದು. ಅಲ್ಲಿ ಬಾಡಿಗೆ 400ರ ಆಸುಪಾಸು. ಹೊರಗೆ ಹಂಚಿಕೊಂಡ ಮನೆಯಲ್ಲಿ 500-600. ಮೂವತ್ತು ವರ್ಷದೊಳಗಿನ ವಿದ್ಯಾರ್ಥಿಗೆ ಸರ್ಕಾರಿ ಆರೋಗ್ಯ ವಿಮೆ ತಿಂಗಳಿಗೆ 140-150. ಅಡುಗೆ ಮಾಡಿಕೊಂಡರೆ ಊಟಕ್ಕೆ 200. ಓಡಾಟ, ಫೋನು, ಮನೆಗೊಂದರಂತೆ 18.36 ಯೂರೋದ ರೇಡಿಯೋ-ಟಿವಿ ವಂತಿಗೆ (ಟಿವಿ ಇಲ್ಲದಿದ್ದರೂ ಕಟ್ಟಬೇಕು, ವಾದ ಮಾಡಿ ಪ್ರಯೋಜನವಿಲ್ಲ). ಬ್ಲಾಕ್ಡ್ ಅಕೌಂಟಿನಲ್ಲಿ ಲೆಕ್ಕಕ್ಕೆ ಬರದ ಖರ್ಚು ಮೊದಲ ತಿಂಗಳದು: ಮುಂಗಡ ಮೂರು ತಿಂಗಳ ಬಾಡಿಗೆಯವರೆಗೆ, ಜೊತೆಗೆ 1,700ರಷ್ಟು ಫೀಸು-ವಂತಿಗೆ. ಇದಕ್ಕೆಂದು ಬೇರೆಯಾಗಿ 3,000 ಯೂರೋ ಇರಲೇಬೇಕು. ಪ್ರವೇಶ ಪತ್ರ ಬಂದ ದಿನವೇ ವಿದ್ಯಾರ್ಥಿ ನಿಲಯಕ್ಕೆ ಅರ್ಜಿ ಹಾಕಿ, ವೀಸಾಕ್ಕೆ ಕಾಯಬೇಡಿ. ಮನೆ ಸೇರಿದ ಎರಡು ವಾರದೊಳಗೆ ವಿಳಾಸ ನೋಂದಣಿ. ಅದಕ್ಕೆ ಮನೆ ಮಾಲೀಕರ ಸಹಿ ಇರುವ ಪತ್ರ ಬೇಕು. ಅಂಚೆ ಪೆಟ್ಟಿಗೆಯ ಮೇಲೆ ನಿಮ್ಮ ಹೆಸರು ಅಂಟಿಸಿ. ಹೆಸರಿಲ್ಲದ ಪೆಟ್ಟಿಗೆಗೆ ಪತ್ರ ಹಾಕುವುದಿಲ್ಲ, ಮತ್ತು ತೆರಿಗೆ ಸಂಖ್ಯೆ, ಬ್ಯಾಂಕ್ ಕಾರ್ಡು, ವಿಮೆ ಎಲ್ಲವೂ ಅಂಚೆಯಲ್ಲೇ ಬರುತ್ತವೆ.

ಸೆಮಿಸ್ಟರುಗಳು ಕೈಜಾರುವುದು ಪರೀಕ್ಷೆಯಲ್ಲಿ. ವಿಟಿಯು ಪ್ರಶ್ನೆಪತ್ರಿಕೆಯಲ್ಲಿ ಐದು ಮಾಡ್ಯೂಲ್, ಪ್ರತಿಯೊಂದರಲ್ಲೂ ಎರಡರಲ್ಲಿ ಒಂದು ಪ್ರಶ್ನೆಯ ಆಯ್ಕೆ. ಕಷ್ಟದ ಭಾಗ ಬಿಟ್ಟು ಪಾಸಾಗುವುದು ನಮಗೆ ಅಭ್ಯಾಸವಾಗಿರುತ್ತದೆ. ಅಲ್ಲಿ ಆಯ್ಕೆ ಇಲ್ಲ, ಹೆಚ್ಚಿನ ವಿಷಯಗಳಲ್ಲಿ ಇಂಟರ್ನಲ್ಸೂ ಇಲ್ಲ. ಕೊನೆಯ ಪರೀಕ್ಷೆಯೊಂದೇ ಪೂರ್ತಿ ಅಂಕ. ಪರೀಕ್ಷೆಗೆ ನೋಂದಣಿ ಪ್ರತ್ಯೇಕ. ಗಡುವು ತಪ್ಪಿದರೆ ಬರೆಯುವಂತಿಲ್ಲ, ನೋಂದಾಯಿಸಿ ವೈದ್ಯರ ಚೀಟಿ ಇಲ್ಲದೆ ಗೈರಾದರೆ 5.0, ಅಂದರೆ ಫೇಲು. ಪ್ರಯತ್ನಗಳಿಗೂ ಮಿತಿಯಿದೆ, ಕಡ್ಡಾಯ ವಿಷಯದಲ್ಲಿ ಕೊನೆಯ ಅವಕಾಶವೂ ಹೋದರೆ ಕೋರ್ಸಿನಿಂದಲೇ ಹೊರಗೆ. ಮೊದಲ ಸೆಮಿಸ್ಟರಿನಲ್ಲಿ 30 ಕ್ರೆಡಿಟ್ ತುಂಬಿಸುವ ಹುಮ್ಮಸ್ಸು ಬೇಡ. ನಾನು ಕಡ್ಡಾಯ ವಿಷಯಗಳನ್ನು ಮೊದಲು ಹಿಡಿದೆ, ಐಚ್ಛಿಕಗಳನ್ನು ಮೂರನೆಯದಕ್ಕೆ ಬಿಟ್ಟೆ. ಕಡ್ಡಾಯ ವಿಷಯ ಫೇಲಾದರೆ ಮತ್ತೆ ಬರೆಯಲು ಸಮಯ ಉಳಿಯುತ್ತದೆ. ಐಚ್ಛಿಕವಾದರೆ ಬೇರೆ ತೆಗೆದುಕೊಳ್ಳಬಹುದು. ಸಾಪ್ತಾಹಿಕ ಲೆಕ್ಕದ ತರಗತಿಗಳಿಗೆ ಹಾಜರಿ ಕೇಳುವುದಿಲ್ಲ. ಆದರೆ ಪರೀಕ್ಷೆಯ ಲೆಕ್ಕಗಳ ಜಾತಿ ಗೊತ್ತಾಗುವುದು ಅಲ್ಲೇ.

ಥೀಸಿಸ್ 30 ಕ್ರೆಡಿಟ್, ಆರು ತಿಂಗಳು. ಕಂಪನಿಯಲ್ಲಿ ಮಾಡುವುದಾದರೆ ಅದಕ್ಕೊಬ್ಬ ಪ್ರೊಫೆಸರ್ ಪರೀಕ್ಷಕರಾಗಿ ಒಪ್ಪಬೇಕು. ಮೊದಲು ಕಂಪನಿಗೆ ಸಹಿ ಹಾಕಿ ಆಮೇಲೆ ಪ್ರೊಫೆಸರನ್ನು ಹುಡುಕಿದವರು ತಿಂಗಳುಗಟ್ಟಲೆ ಅಲೆದದ್ದುಂಟು. ಕೆಲಸದ ಮಿತಿ 2024ರ ಮಾರ್ಚಿನಿಂದ ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ. ವಿಶ್ವವಿದ್ಯಾಲಯದೊಳಗಿನ ಸಹಾಯಕ ಕೆಲಸ, ಅಲ್ಲಿಯವರು ‘ಹಿವಿ’ ಎನ್ನುವುದು, ಈ ಮಿತಿಗೆ ಬರುವುದಿಲ್ಲ. ದುಡ್ಡು ಸ್ವಲ್ಪ ಕಡಿಮೆಯಾದರೂ ಪರೀಕ್ಷೆಯ ಸಮಯಕ್ಕೆ ಬಗ್ಗುವ ಕೆಲಸ ಅದು. ಮುಂದೆ ಥೀಸಿಸ್ ಕೊಡುವವರೂ ಎಷ್ಟೋ ಸಲ ಅದೇ ವಿಭಾಗದವರು.

ಓದು ಮುಗಿದವರಿಗೆ ಕೆಲಸ ಹುಡುಕಲು 18 ತಿಂಗಳ ಪರವಾನಗಿ ಸಿಗುತ್ತದೆ. ಹೊಸ ಪದವೀಧರರಿಗೆ ಬ್ಲೂ ಕಾರ್ಡ್‌ಗೆ (ಪದವೀಧರ ಉದ್ಯೋಗಿಗಳ ವಾಸದ ಪರವಾನಗಿ) 2025ರ ಕನಿಷ್ಠ ಸಂಬಳದ ಮಿತಿ ವರ್ಷಕ್ಕೆ 43,759.80 ಯೂರೋ; ಇಂಜಿನಿಯರಿಗೆ ಕೆಲಸ ಸಿಕ್ಕರೆ ಅದು ಅಡ್ಡಿಯಾಗುವುದು ಕಡಿಮೆ. ಅಡ್ಡಿ ಭಾಷೆ. ಕೋರ್ಸ್ ಇಂಗ್ಲಿಷಿನಲ್ಲಿ ನಡೆದರೂ ಕೆಲಸದ ಜಾಹೀರಾತುಗಳಲ್ಲಿ ಬಿ1, ಬಿ2 ಮಟ್ಟದ ಜರ್ಮನ್ ಕೇಳುತ್ತಾರೆ (ಮಟ್ಟಗಳು ಎ1ರಿಂದ ಶುರು). ಎ1, ಎ2ನ್ನು ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲೋ ಬೇರೆ ಕಡೆಯೋ ಮುಗಿಸಿಕೊಂಡು ಹೋದರೆ, ಅಲ್ಲಿನ ವಿಶ್ವವಿದ್ಯಾಲಯದ ಭಾಷಾ ತರಗತಿಯಲ್ಲಿ ಬಿ1ರಿಂದ ಶುರುಮಾಡಬಹುದು. ಜರ್ಮನ್ ಪದವಿ ಪಡೆದವರು ಎರಡು ವರ್ಷ ದುಡಿದು ಪಿಂಚಣಿ ಕಟ್ಟಿದ್ದರೆ ಕಾಯಂ ನೆಲೆಗೆ ಅರ್ಜಿ ಹಾಕಬಹುದು, ಅದಕ್ಕೂ ಬಿ1 ಬೇಕು.

ಕೊನೆಯ ಸೆಮಿಸ್ಟರಿನಲ್ಲಿ ದಿನಾಂಕಗಳ ಮೇಲೆ ಕಣ್ಣಿಡಿ. ವಿದ್ಯಾರ್ಥಿ ದರದ ವಿಮೆ ನೋಂದಣಿಯ ಕೊನೆಯ ಸೆಮಿಸ್ಟರ್ ಮುಗಿಯುವವರೆಗೆ ಮಾತ್ರ. ಆಮೇಲೆ, ಕೆಲಸ ಇಲ್ಲದವರಿಗೆ ತಿಂಗಳ ಕಂತು 200 ದಾಟುತ್ತದೆ. ಸೆಮಿಸ್ಟರ್ ಮುಗಿಯುವುದು ಮಾರ್ಚ್ 31 ಅಥವಾ ಸೆಪ್ಟೆಂಬರ್ 30ಕ್ಕೆ. 18 ತಿಂಗಳ ಪರವಾನಗಿಗೆ ಅರ್ಜಿಯನ್ನು ವಿದ್ಯಾರ್ಥಿ ಪರವಾನಗಿಯ ಅವಧಿ ಮುಗಿಯುವ ಮೊದಲೇ ಹಾಕಬೇಕು. ಅಪಾಯಿಂಟ್‌ಮೆಂಟ್ ತಡವಾಗಿ ಸಿಕ್ಕರೂ ಅರ್ಜಿ ಸಲ್ಲಿಸಿದ ದಿನಾಂಕದ ರಸೀದಿ ಕೈಯಲ್ಲಿರಬೇಕು.