ವಿದೇಶದಲ್ಲಿ ಕೈ ಮುರಿದಾಗ: ಆಸ್ಪತ್ರೆ, ವಿಮೆ ಮತ್ತು ಒಂದು ತಪ್ಪು ಸಾಲು

ದೋಣಿಯಿಂದ ಇಳಿದು ದಡದ ಮೆಟ್ಟಿಲು ಹತ್ತುವಾಗ ಜಾರಿದೆ. ಪಾಚಿ ಕಟ್ಟಿದ ಮೆಟ್ಟಿಲು, ಕಾಲಲ್ಲಿ ಸವೆದ ರಬ್ಬರ್ ಚಪ್ಪಲಿ. ಬೀಳುವಾಗ ಎಲ್ಲರೂ ಮಾಡುವ ಹಾಗೆ ನಾನೂ ಅಂಗೈ ಊರಿದೆ. ಎದ್ದು ಕೂತು ನೋಡಿದರೆ ಬಲ ಮಣಿಕಟ್ಟು ನನ್ನದಲ್ಲ ಅನ್ನಿಸುವ ಹಾಗಿತ್ತು. ಫೋರ್ಕನ್ನು ಬೋರಲು ಹಾಕಿ ಪಕ್ಕದಿಂದ ನೋಡಿದರೆ ಒಂದು ಡೊಂಕು ಕಾಣುತ್ತದಲ್ಲ, ಥೇಟ್ ಹಾಗೇ. ಆಮೇಲೆ ಗೊತ್ತಾಯಿತು, ಡಾಕ್ಟರುಗಳೂ ಇದಕ್ಕೆ ಫೋರ್ಕಿನ ಹೋಲಿಕೆಯನ್ನೇ ಕೊಡುತ್ತಾರಂತೆ.

ಜೊತೆಗೆ ನನ್ನ ತಂಗಿ ಇದ್ದಳು. ಅವಳು ಮೊದಲು ಹೇಳಿದ ಮಾತು, "ಅಕ್ಕಾ, ಉಂಗುರ ತೆಗಿ." ನನಗೆ ಸಿಟ್ಟು ಬಂತು. ಕೈ ಮುರಿದು ಕೂತಿದ್ದೇನೆ, ಇವಳಿಗೆ ಉಂಗುರದ ಚಿಂತೆ. ಆದರೆ ಅವಳು ಹೇಳಿದ್ದೇ ಸರಿ. ಅರ್ಧ ಗಂಟೆಯಲ್ಲಿ ಬೆರಳುಗಳು ಊದಿಕೊಂಡವು. ಆಗ ಉಂಗುರ ಇದ್ದಿದ್ದರೆ ಕತ್ತರಿಸಿಯೇ ತೆಗೆಯಬೇಕಿತ್ತು. ಸೋಪಿನ ನೀರು ಹಚ್ಚಿ ಅವಳೇ ತಿರುವಿ ತಿರುವಿ ತೆಗೆದಳು. ದುಪಟ್ಟಾ ಮಡಚಿ ಕೈಯನ್ನು ಎದೆಗೆ ಕಟ್ಟಿದಳು. ಬಾಟಲಿಯಲ್ಲಿದ್ದ ಜ್ಯೂಸ್ ಕುಡಿಸಿದಳು. ಅದೊಂದೇ ತಪ್ಪಾಗಿದ್ದು. ಮೂಳೆ ಕೂರಿಸಲು ಮಂಪರು ಬರಿಸುವ ಔಷಧಿ ಕೊಡಬೇಕಾಗಿ ಬಂದರೆ ಹೊಟ್ಟೆ ಖಾಲಿ ಇರಬೇಕು. ಆಸ್ಪತ್ರೆಯಲ್ಲಿ ಕೇಳಿದ ಮೊದಲ ಪ್ರಶ್ನೆಗಳಲ್ಲಿ ಅದೂ ಒಂದು, ಕೊನೆಯ ಸಲ ತಿಂದದ್ದು ಕುಡಿದದ್ದು ಯಾವಾಗ ಅಂತ.

ಆಂಬುಲೆನ್ಸ್ ಕರೆಯಲಿಲ್ಲ, ಟ್ಯಾಕ್ಸಿಯಲ್ಲಿ ಹೋದೆವು. ರಕ್ತ ಸುರಿಯುತ್ತಿರಲಿಲ್ಲ, ತಲೆಗೆ ಏಟು ಬಿದ್ದಿರಲಿಲ್ಲ, ಬೆರಳುಗಳು ಆಡುತ್ತಿದ್ದವು. ಇವುಗಳಲ್ಲಿ ಯಾವುದಾದರೂ ಒಂದು ಬೇರೆ ಇದ್ದಿದ್ದರೆ ವಿಮೆಯನ್ನೆಲ್ಲ ಮರೆತು ತುರ್ತು ನಂಬರಿಗೇ ಫೋನ್ ಮಾಡಬೇಕು. ಆ ದೇಶದ ನಂಬರ್ ಗೊತ್ತಿಲ್ಲದಿದ್ದರೆ ಮೊಬೈಲಿನಲ್ಲಿ 112 ಒತ್ತಿ, ಹೆಚ್ಚಿನ ಕಡೆ ಅದು ಅಲ್ಲಿನ ತುರ್ತು ಸೇವೆಗೇ ಹೋಗುತ್ತದೆ.

ಟ್ಯಾಕ್ಸಿಯಲ್ಲೇ ವಿಮೆಯವರಿಗೆ ಫೋನ್ ಮಾಡಿದ್ದು ನಾನು ಮಾಡಿದ ಒಳ್ಳೆಯ ಕೆಲಸ. ಸುಲಭವೇನೂ ಆಗಲಿಲ್ಲ. ಪಾಲಿಸಿಯ ಮೊದಲ ಪುಟದಲ್ಲಿ ದಪ್ಪ ಅಕ್ಷರದಲ್ಲಿದ್ದ ಟೋಲ್‌ಫ್ರೀ ನಂಬರಿಗೆ ಕಾಲ್ ಹೋಗಲೇ ಇಲ್ಲ. ಟೋಲ್‌ಫ್ರೀ ನಂಬರುಗಳು ಸಾಮಾನ್ಯವಾಗಿ ಆಯಾ ದೇಶದ ಒಳಗೆ ಮಾತ್ರ ನಡೆಯುತ್ತವೆ. ಹೊರಗಿನಿಂದ ಮಾಡಲು ಬೇರೆ ನಂಬರ್ ಇರುತ್ತದೆ, ಪ್ಲಸ್ ಚಿಹ್ನೆಯಿಂದ ಶುರುವಾಗುವುದು. ನಮ್ಮ ಪಾಲಿಸಿಯಲ್ಲಿ ಅದು ಹದಿನೆಂಟನೇ ಪುಟದಲ್ಲಿತ್ತು. ಎಡಗೈಯಲ್ಲಿ ಫೋನ್ ಹಿಡಿದು, ಕುಲುಕುವ ಕಾರಿನಲ್ಲಿ, ಪಿಡಿಎಫ್ ಜಾರಿಸುತ್ತಾ ಹದಿನೆಂಟನೇ ಪುಟ ಹುಡುಕುವುದಿದೆಯಲ್ಲ, ಅದು ಯಾರಿಗೂ ಬೇಡ. ಈಗ ಪ್ರವಾಸಕ್ಕೆ ಹೊರಡುವ ಮುಂಚೆ ಆ ನಂಬರನ್ನೂ ಪಾಲಿಸಿ ನಂಬರನ್ನೂ ಒಂದು ಚೀಟಿಯಲ್ಲಿ ಬರೆದು ಪಾಸ್‌ಪೋರ್ಟ್ ಕವರಿನೊಳಗೆ ಇಡುತ್ತೇನೆ. ಫೋನೇ ಒಡೆದು ಹೋಗಬಹುದು ನೋಡಿ.

ಫೋನ್ ಎತ್ತುವವರು ವಿಮಾ ಕಂಪನಿಯವರಲ್ಲ. ಅವರ ಪರವಾಗಿ 24 ಗಂಟೆಯೂ ಕೆಲಸ ಮಾಡುವ ಅಸಿಸ್ಟೆನ್ಸ್ ಕಂಪನಿಯವರು. ಹೆಸರು, ಪಾಲಿಸಿ ನಂಬರ್, ಎಲ್ಲಿದ್ದೀರಿ, ಏನಾಯಿತು, ಯಾವ ಆಸ್ಪತ್ರೆ ಅಂತ ಕೇಳಿದರು. ಮದ್ಯ ಕುಡಿದಿದ್ದಿರಾ ಅಂತಲೂ ಕೇಳಿದರು. ಗಾಡಿ ಓಡಿಸುತ್ತಿದ್ದಿರಾ, ಸಾಹಸ ಕ್ರೀಡೆ ಏನಾದರೂ ಆಡುತ್ತಿದ್ದಿರಾ ಅಂತ ಕೂಡ. ಇವು ಸುಮ್ನೆ ಕೇಳುವ ಪ್ರಶ್ನೆಗಳಲ್ಲ. ಹೆಚ್ಚಿನ ಪಾಲಿಸಿಗಳು ಕುಡಿದು ಬಿದ್ದರೆ ಹಣ ಕೊಡುವುದಿಲ್ಲ, ಸರಿಯಾದ ಲೈಸೆನ್ಸ್ ಇಲ್ಲದೆ ಬೈಕ್ ಓಡಿಸಿ ಬಿದ್ದರೆ ಕೊಡುವುದಿಲ್ಲ, ಡೈವಿಂಗ್, ಸ್ಕೀಯಿಂಗ್ ತರಹದ್ದಕ್ಕೆ ಬೇರೆ ಹಣ ಕಟ್ಟಿರಬೇಕು. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಒಂದು ರೆಫರೆನ್ಸ್ ನಂಬರ್ ಕೊಟ್ಟರು. ತಂಗಿ ಅದನ್ನು ತನ್ನ ಅಂಗೈ ಮೇಲೇ ಪೆನ್ನಿನಲ್ಲಿ ಬರೆದುಕೊಂಡಳು. ಮುಂದಿನ ಎರಡು ತಿಂಗಳು ಎಲ್ಲ ಇಮೇಲಿನ ತಲೆಬರಹದಲ್ಲೂ ಇದ್ದದ್ದು ಅದೇ ನಂಬರ್.

ಒಂದು ನಿರಾಸೆ ಆಗಲೇ ಆಯಿತು. ಕ್ಯಾಶ್‌ಲೆಸ್ ಅಂದರೆ ಆಸ್ಪತ್ರೆಯಲ್ಲಿ ಒಂದು ಪೈಸೆಯೂ ಕೊಡಬೇಕಿಲ್ಲ ಅಂದುಕೊಂಡಿದ್ದೆ. ನನ್ನ ಪಾಲಿಸಿಯಲ್ಲಿ ಅದು ಇದ್ದದ್ದು ದಾಖಲಾದವರಿಗೆ ಮಾತ್ರ. ಅದಕ್ಕೂ ಅಸಿಸ್ಟೆನ್ಸ್ ಕಂಪನಿ ಆಸ್ಪತ್ರೆಗೆ ಹಣ ಕಟ್ಟುವ ಖಾತರಿ ಪತ್ರ ಕಳಿಸಬೇಕು, ಆಸ್ಪತ್ರೆ ಅದನ್ನು ಒಪ್ಪಬೇಕು, ಕೆಲವು ಗಂಟೆ ಹಿಡಿಯುತ್ತದೆ. ದಾಖಲಾಗದೆ ಚಿಕಿತ್ಸೆ ಮುಗಿಸಿ ಬಂದರೆ ಕೈಯಿಂದ ಕಟ್ಟಿ ಆಮೇಲೆ ವಾಪಸ್ ಪಡೆಯಬೇಕು.

ಹಾಗಾಗಿ ಕಾರ್ಡ್ ತೆಗೆದೆ. ಅಲ್ಲಿ ಇನ್ನೊಂದು ಎಡವಟ್ಟು. ಪ್ರವಾಸಿಗರ ಸಿಮ್ ಹಾಕಿಕೊಳ್ಳಲು ನನ್ನ ಸಿಮ್ ತೆಗೆದು ಹೋಟೆಲಿನಲ್ಲಿ ಇಟ್ಟಿದ್ದೆ. ಬ್ಯಾಂಕಿನ ಆ್ಯಪ್‌ನಲ್ಲಿ ಕಾರ್ಡಿನ ವಿದೇಶಿ ಮಿತಿ ಏರಿಸಬೇಕಿತ್ತು, ಅದಕ್ಕೆ ಓಟಿಪಿ ಬರುವುದು ಹೋಟೆಲಿನಲ್ಲಿದ್ದ ಸಿಮ್‌ಗೆ. ತಂಗಿಯ ಕಾರ್ಡ್ ಇಲ್ಲದಿದ್ದರೆ ಕೌಂಟರಿನ ಮುಂದೆ ಕೂತಿರಬೇಕಿತ್ತು ಅಷ್ಟೇ. ಕಾರ್ಡ್ ಮೆಷಿನ್ ನಿಮ್ಮ ದೇಶದ ಹಣದಲ್ಲಿ ಕಟ್ಟುತ್ತೀರಾ, ಇಲ್ಲಿನ ಹಣದಲ್ಲಾ ಅಂತ ಕೇಳಿತು. ಅಲ್ಲಿನ ಹಣವನ್ನೇ ಒತ್ತಿ. ನಮ್ಮ ಹಣ ಅಂತ ಒತ್ತಿದರೆ ಆ ಮೆಷಿನಿನವರು ತಮ್ಮದೇ ದರದಲ್ಲಿ ಲೆಕ್ಕ ಹಾಕುತ್ತಾರೆ, ಸಾಮಾನ್ಯವಾಗಿ ನಮಗೆ ನಷ್ಟ. ಬಿಲ್ಲು ಮತ್ತು ರಸೀದಿ ಎರಡೂ ಒಂದೇ ಹಣದಲ್ಲಿದ್ದರೆ ಕ್ಲೇಮ್ ನೋಡುವವರಿಗೂ ಗೊಂದಲವಿಲ್ಲ.

ನೋಂದಣಿ ಕೌಂಟರಿನಲ್ಲಿ ಮೂಲ ಪಾಸ್‌ಪೋರ್ಟ್ ಇಟ್ಟು ಹೋಗಿ ಅಂದರು. ಜೆರಾಕ್ಸ್ ಕೊಟ್ಟೆ, ಕಾರ್ಡಿನಲ್ಲಿ ಡಿಪಾಸಿಟ್ ಕಟ್ಟಿದೆ, ಪಾಸ್‌ಪೋರ್ಟ್ ಕೊಡಲಿಲ್ಲ. ಒಪ್ಪಿಕೊಂಡರು.

ಚಿಕಿತ್ಸೆಯ ಭಾಗ ನಿಜಕ್ಕೂ ಚೆನ್ನಾಗಿ ನಡೆಯಿತು. ಎಕ್ಸ್‌ರೇ ತೆಗೆದರು. ಕಾಲಿಸ್ ಫ್ರಾಕ್ಚರ್ ಅಂದರು. ಅಬ್ರಹಾಂ ಕಾಲಿಸ್ ಅನ್ನುವ ಐರ್ಲೆಂಡಿನ ಸರ್ಜನ್ 1814ರಲ್ಲಿ ಇದನ್ನು ವಿವರಿಸಿದ್ದು. ಎಕ್ಸ್‌ರೇ ಬಂದದ್ದೇ 1895ರಲ್ಲಿ, ಅಂದರೆ ಪುಣ್ಯಾತ್ಮ ಕಣ್ಣಲ್ಲಿ ನೋಡಿ ಕೈಯಲ್ಲಿ ಮುಟ್ಟಿಯೇ ಕಂಡುಕೊಂಡಿದ್ದರು. ಮುರಿದ ಜಾಗಕ್ಕೇ ಮರಗಟ್ಟುವ ಇಂಜೆಕ್ಷನ್ ಕೊಟ್ಟರು. ಒಬ್ಬರು ಮೊಣಕೈ ಹಿಡಿದರು, ಇನ್ನೊಬ್ಬರು ಬೆರಳು ಹಿಡಿದು ಎಳೆದರು. ನೋವಿಗಿಂತ ಆ ಸದ್ದೇ ಭಯಂಕರ, ಒದ್ದೆ ಕಡ್ಡಿ ಮುರಿದ ಹಾಗೆ. ಆಮೇಲೆ ಅರ್ಧ ಸುತ್ತಿನ ಪ್ಲಾಸ್ಟರ್ ಪಟ್ಟಿ ಇಟ್ಟು ಬ್ಯಾಂಡೇಜ್ ಸುತ್ತಿದರು. ಊತ ಬರುವ ಮೊದಲ ದಿನಗಳಲ್ಲಿ ಪೂರ್ತಿ ಪ್ಲಾಸ್ಟರ್ ಹಾಕಿದರೆ ಒಳಗೆ ಬಿಗಿಯಾಗುತ್ತದೆ. ಹೆಬ್ಬೆರಳು, ತೋರುಬೆರಳು, ಮಧ್ಯದ ಬೆರಳು ಜೋಮು ಹಿಡಿದರೆ, ಬೆರಳು ತಣ್ಣಗಾದರೆ, ನೀಲಿಯಾದರೆ, ಮಾತ್ರೆಗೂ ಬಗ್ಗದ ನೋವು ಬಂದರೆ ರಾತ್ರಿ ಎಷ್ಟೊತ್ತೇ ಆಗಲಿ ಬನ್ನಿ ಅಂದರು.

ಪ್ಲೇಟ್ ಹಾಕುವ ಆಪರೇಷನ್ ಬೇಕಾಗಬಹುದು, ಇಲ್ಲೇ ಮಾಡಿಸುತ್ತೀರಾ ಅಂತಲೂ ಡಾಕ್ಟರ್ ಕೇಳಿದರು. ಇಂಥ ಪ್ರಶ್ನೆಗೆ ನೋವಿನಲ್ಲಿ ಉತ್ತರ ಕೊಡಬಾರದು. ನಾನು ತಿರುಗಿ ಒಂದೇ ಪ್ರಶ್ನೆ ಕೇಳಿದೆ, "ಕೆಲವು ದಿನ ಕಾದರೆ ತೊಂದರೆ ಇದೆಯಾ?" ಮೂಳೆ ಈಗ ಸರಿಯಾಗಿ ಕೂತಿದೆ, ಒಂದು ವಾರದೊಳಗೆ ಮತ್ತೆ ಎಕ್ಸ್‌ರೇ ತೆಗೆದು ನಿರ್ಧರಿಸಬಹುದು ಅಂದರು. ಅದನ್ನೇ ಬರೆದು ಕೊಡಿ ಅಂದೆ. ಪ್ರವಾಸ ವಿಮೆ ಇರುವುದು ಅಲ್ಲೇ, ಆಗಲೇ ಆಗಬೇಕಾದ ಚಿಕಿತ್ಸೆಗೆ. ಮನೆಗೆ ಹೋಗಿ ಮಾಡಿಸಬಹುದಾದ ಆಪರೇಷನ್ನನ್ನು ವಿಮೆಯವರ ಒಪ್ಪಿಗೆ ಇಲ್ಲದೆ ಅಲ್ಲೇ ಮಾಡಿಸಿಕೊಂಡರೆ ಬಿಲ್ಲು ನಮ್ಮ ತಲೆ ಮೇಲೇ ಬೀಳಬಹುದು.

ಈಗ ಆ ತಪ್ಪು ಸಾಲಿನ ವಿಷಯ. ಹೊರಡುವ ಮುಂಚೆ ಡಿಸ್ಚಾರ್ಜ್ ಸಮ್ಮರಿ ಕೈಗೆ ಬಂತು. ಒಂದೂವರೆ ಪುಟ. ಸುಸ್ತಾಗಿತ್ತು, ಮಡಚಿ ಬ್ಯಾಗಿಗೆ ತುರುಕಬೇಕು ಅಂತಿದ್ದೆ. ತಂಗಿ ಓದಿದಳು. "ಅಕ್ಕಾ, ನೀನು ಯಾವಾಗ ಸ್ಕೂಟರ್‌ನಿಂದ ಬಿದ್ದೆ?"

ಸಮ್ಮರಿಯ ಎರಡನೇ ಸಾಲಿನಲ್ಲಿ ಹಾಗೇ ಇತ್ತು, ರೋಗಿ ಸ್ಕೂಟರ್‌ನಿಂದ ಬಿದ್ದಿದ್ದಾರೆ ಅಂತ. ಮೊದಲು ವಿವರ ಬರೆದುಕೊಂಡ ನರ್ಸ್ ಜೊತೆ ನಾವು ಮಾತಾಡಿದ್ದು ಫೋನಿನ ಅನುವಾದದ ಆ್ಯಪ್ ಮೂಲಕ. ದೋಣಿ ಅಂದದ್ದು ಏನಾಯಿತೋ, ಇಲ್ಲಾ ಮಣಿಕಟ್ಟು ಮುರಿದುಕೊಂಡು ಬರುವ ಪ್ರವಾಸಿಗರೆಲ್ಲ ಸ್ಕೂಟರ್‌ನಿಂದ ಬಿದ್ದವರೇ ಅಂತ ಅವರಿಗೆ ರೂಢಿಯಾಗಿತ್ತೋ. ನನಗೆ ಅಲ್ಲಿ ಗಾಡಿ ಓಡಿಸುವ ಲೈಸೆನ್ಸ್ ಇರಲಿಲ್ಲ, ನಾನು ಓಡಿಸಿಯೂ ಇರಲಿಲ್ಲ. ಆದರೆ ಕ್ಲೇಮ್ ನೋಡುವವರ ಮುಂದೆ ಇರುವುದು ನಾನಲ್ಲ, ಈ ಕಾಗದ. ಫೋನಿನಲ್ಲಿ ಮೆಟ್ಟಿಲು ಅಂದವಳು ಕಾಗದದಲ್ಲಿ ಸ್ಕೂಟರ್ ಆಗಿದ್ದರೆ ಅವರು ಏನೆಂದುಕೊಳ್ಳುತ್ತಾರೆ?

ತಿದ್ದಿಸಲು ಮುಕ್ಕಾಲು ಗಂಟೆ ಕೂತೆವು. ಬರೀ ಗೀಟು ಎಳೆದು ಮೇಲೆ ಬರೆದು ಕೊಟ್ಟರು. ಅದು ಸಾಲದು, ನಾವೇ ತಿದ್ದಿದ್ದು ಅಂತ ಅನುಮಾನ ಬರುತ್ತದೆ. ಹೊಸದಾಗಿ ಪ್ರಿಂಟ್ ತೆಗೆಸಿ, ಡಾಕ್ಟರ ಸಹಿ, ಆಸ್ಪತ್ರೆಯ ಸೀಲು ಹಾಕಿಸಿಕೊಂಡೆವು. ಅದೇ ಹೊತ್ತಿಗೆ ನನ್ನ ಹೆಸರು ಹಿಂದುಮುಂದಾಗಿದ್ದನ್ನೂ ಪಾಸ್‌ಪೋರ್ಟಿನಲ್ಲಿ ಇರುವ ಹಾಗೆ ಸರಿಮಾಡಿಸಿದೆವು. ಕೌಂಟರಿನವರು ಬೇಜಾರು ಮಾಡಿಕೊಂಡರು. ಮಾಡಿಕೊಳ್ಳಲಿ ಬಿಡಿ. ಆಸ್ಪತ್ರೆಯಲ್ಲಿ ಮುಕ್ಕಾಲು ಗಂಟೆಯಲ್ಲಿ ಆಗುವ ತಿದ್ದುಪಡಿ, ಊರಿಗೆ ಬಂದ ಮೇಲೆ ಇಮೇಲಿನಲ್ಲಿ ಮೂರು ತಿಂಗಳಾದರೂ ಆಗುವುದಿಲ್ಲ.

ಕೂತಿದ್ದಾಗಲೇ ಉಳಿದ ಕಾಗದಗಳನ್ನೂ ಕೇಳಿ ಪಡೆದೆವು. ಒಟ್ಟು ಮೊತ್ತದ ಬಿಲ್ಲಲ್ಲ, ಪ್ರತಿ ಇಂಜೆಕ್ಷನ್ನು, ಪ್ರತಿ ಬ್ಯಾಂಡೇಜು ಬಿಡಿಬಿಡಿಯಾಗಿ ಇರುವ ಬಿಲ್ಲು. ಹಣ ಕಟ್ಟಿದ್ದಕ್ಕೆ ಬೇರೆ ರಸೀದಿ. ಎಕ್ಸ್‌ರೇ ವರದಿ, ಚಿತ್ರಗಳ ಸೀಡಿ. ಔಷಧಿ ಚೀಟಿ, ಔಷಧಿ ಅಂಗಡಿಯ ಬಿಲ್ಲು. ಸಾಧ್ಯವಾದದ್ದನ್ನೆಲ್ಲ ಇಂಗ್ಲಿಷಿನಲ್ಲೇ ಕೇಳಿದೆವು, ಆಮೇಲೆ ಅನುವಾದ ಮಾಡಿಸುವ ಖರ್ಚು ತಪ್ಪಿತು. ಹೋಟೆಲಿಗೆ ಬಂದು ಎಲ್ಲದರ ಫೋಟೋ ತೆಗೆದು ಇಬ್ಬರ ಫೋನಿನಲ್ಲೂ ಇಟ್ಟುಕೊಂಡೆವು.

ವಾಪಸ್ ವಿಮಾನ ಇದ್ದದ್ದು ಮರುದಿನ ಬೆಳಿಗ್ಗೆ. ಹತ್ತುವ ಹಾಗಿರಲಿಲ್ಲ. ಹೊಸ ಪ್ಲಾಸ್ಟರಿನೊಳಗೆ ಸಿಕ್ಕಿಕೊಂಡ ಗಾಳಿ ಮೇಲೆ ಹೋದಾಗ ಹಿಗ್ಗುತ್ತದೆ, ಜೊತೆಗೆ ಊತವೂ ಇರುತ್ತದೆ, ಕೈ ಒಳಗೇ ಬಿಗಿಯುತ್ತದೆ. ಹಾಗಾಗಿ ಅನೇಕ ವಿಮಾನ ಕಂಪನಿಗಳು ಎರಡು ಗಂಟೆಗಿಂತ ಉದ್ದದ ಪ್ರಯಾಣಕ್ಕೆ ಪ್ಲಾಸ್ಟರ್ ಹಾಕಿ 48 ಗಂಟೆ ಆಗಿರಬೇಕು ಅನ್ನುತ್ತವೆ, ಚಿಕ್ಕ ಪ್ರಯಾಣಕ್ಕೆ 24 ಗಂಟೆ. ಅರ್ಜೆಂಟಿದ್ದರೆ ಪ್ಲಾಸ್ಟರನ್ನು ಉದ್ದಕ್ಕೆ ಸೀಳಿಸಿಕೊಂಡು ಹೋಗಬಹುದು. ನನ್ನದು ಅರ್ಧ ಪಟ್ಟಿ, ಆದರೂ ಡಾಕ್ಟರ್ ಎರಡು ದಿನ ಕಾಯಿರಿ ಅಂದರು. ಎರಡು ದಿನ ಪ್ರಯಾಣ ಬೇಡ ಅಂತ ಒಂದು ಪತ್ರ, ಆಮೇಲೆ ವಿಮಾನ ಹತ್ತಬಹುದು ಅಂತ ಇನ್ನೊಂದು. ಎರಡೂ ಬೇಕಾದವು. ಮೊದಲನೆಯದು ಟಿಕೆಟ್ ಬದಲಿಸಿದ ಖರ್ಚಿಗೆ, ಎರಡನೆಯದು ಚೆಕ್‌ಇನ್ ಕೌಂಟರಿಗೆ. ಟಿಕೆಟ್ ಬದಲಿಸುವ ಮುಂಚೆ ಅಸಿಸ್ಟೆನ್ಸಿನವರಿಗೆ ಇಮೇಲ್ ಹಾಕಿ ಒಪ್ಪಿಗೆ ಪಡೆದಿದ್ದೆ. ಪಾಲಿಸಿ ಮುಗಿಯುವುದು ಮೂಲ ಪ್ರಯಾಣದ ದಿನಕ್ಕೇ ಆಗಿತ್ತು, ಎರಡು ದಿನ ಮುಂದಕ್ಕೆ ಹಾಕಿಸಲೂ ಅದೇ ಇಮೇಲ್ ಸಾಕಾಯಿತು.

ಊರಿಗೆ ಬಂದು ಮತ್ತೆ ಎಕ್ಸ್‌ರೇ ತೆಗೆಸಿದೆ. ಮೂಳೆ ಕೂತ ಜಾಗದಲ್ಲೇ ಇತ್ತು, ಆಪರೇಷನ್ ಬೇಡವಾಯಿತು. ಆರು ವಾರ ಪ್ಲಾಸ್ಟರ್, ಆಮೇಲೆ ಫಿಸಿಯೋಥೆರಪಿ. ನನ್ನ ಪ್ರವಾಸ ವಿಮೆ ಇದಕ್ಕೆಲ್ಲ ಬರಲಿಲ್ಲ.

ಕ್ಲೇಮ್ ಫಾರಂ ತುಂಬಿದ್ದು ಎಡಗೈಯಲ್ಲಿ, ಸಹಿ ಪಾಸ್‌ಪೋರ್ಟಿನ ಸಹಿಗೆ ಹೊಂದಲಿಲ್ಲ. ಕೈ ಪ್ಲಾಸ್ಟರಿನಲ್ಲಿದೆ ಅಂತ ಪಕ್ಕದಲ್ಲೇ ಒಂದು ಸಾಲು ಬರೆದೆ. ಪಾಸ್‌ಪೋರ್ಟಿನ ವಲಸೆ ಸೀಲುಗಳ ಪುಟ ಕೇಳಿದರು. ಆ ದೇಶದಲ್ಲಿ ಮೆಷಿನ್ ಗೇಟಿನಲ್ಲಿ ಒಳಗೆ ಬಿಟ್ಟಿದ್ದರು, ಸೀಲೇ ಹಾಕಿರಲಿಲ್ಲ. ಅದೃಷ್ಟಕ್ಕೆ ಬೋರ್ಡಿಂಗ್ ಪಾಸ್ ಪುಸ್ತಕದೊಳಗೆ ಗುರುತಿಗೆ ಇಟ್ಟುಕೊಂಡಿದ್ದೆ, ಅದೇ ಪುರಾವೆಯಾಯಿತು. ಬಿಲ್ಲು ಕಟ್ಟಿದ್ದು ತಂಗಿಯ ಕಾರ್ಡಿನಿಂದ ಯಾಕೆ ಅಂತಲೂ ಕೇಳಿದರು. ಅವಳ ಕೈಯಿಂದ ಒಂದು ಪತ್ರ ಬರೆಸಿ, ಅವಳ ಕಾರ್ಡಿನ ಸ್ಟೇಟ್‌ಮೆಂಟ್ ಜೊತೆ ಕಳಿಸಿದೆ. ಬಿದ್ದದ್ದು ಹೇಗೆ ಅಂತ ಎರಡು ಸಲ ಕೇಳಿದರು. ಎರಡು ಸಲವೂ ಸಮ್ಮರಿಯ ಎರಡನೇ ಸಾಲನ್ನೇ ತೋರಿಸಿದೆ.

ಕೊನೆಗೆ ಹಣ ಬಂತು, ಪೂರ್ತಿ ಅಲ್ಲ. ಪ್ರತಿ ಕ್ಲೇಮಿಗೂ ನಾವೇ ಹೊರಬೇಕಾದ ಡಿಡಕ್ಟಿಬಲ್ ಮೊತ್ತ ಕಳೆದಿದ್ದರು, ಅದು ಪಾಲಿಸಿಯಲ್ಲೇ ಇತ್ತು. ಟ್ಯಾಕ್ಸಿಗೆ ರಸೀದಿ ಇರಲಿಲ್ಲ, ಹೋಯಿತು. ಕೈ ತೂಗುಹಾಕುವ ಪಟ್ಟಿಯನ್ನೂ ಕಳೆದಿದ್ದರು, ಡಾಕ್ಟರ್ ಬರೆದದ್ದಲ್ಲ ಅಂತ. ಇದಕ್ಕೆ ಮಾತ್ರ ನಾನು ಸುಮ್ಮನಿರಲಿಲ್ಲ. ಔಷಧಿ ಚೀಟಿಯ ಹಿಂಬದಿಯಲ್ಲಿ ಅದನ್ನು ಬರೆದಿದ್ದರು, ನಾವು ಮುಂಬದಿ ಮಾತ್ರ ಸ್ಕ್ಯಾನ್ ಮಾಡಿ ಕಳಿಸಿದ್ದೆವು. ಹಿಂಬದಿಯ ಸ್ಕ್ಯಾನ್ ಕಳಿಸಿದ ಹನ್ನೊಂದು ದಿನಕ್ಕೆ ಆ ಚಿಲ್ಲರೆ ಮೊತ್ತವೂ ಖಾತೆಗೆ ಬಂತು.